ಮನೆ ಮಿನಿಮಲ್ ಮಾಡ್ಬೇಕಾ? ಮೊದ್ಲು ಉಗ್ರಾಣಕ್ಕೆ ಜಾಗ ನೋಡಿ

ಫ್ಲಾಟ್ ತಗೊಂಡು ಇಂಟೀರಿಯರ್ ಮಾಡಿಸೋರ ಮನೇಲೆಲ್ಲಾ ಇದೇ ಜಗಳ, ಮಗ-ಸೊಸೆಗೆ ಹಾಲ್ ಖಾಲಿ ಖಾಲಿ ಇರ್ಬೇಕು, ಅತ್ತೆಗೆ "ಇರ್ಲಿ ಬಿಡು, ಯಾವತ್ತಾದ್ರೂ ಬೇಕಾಗುತ್ತೆ". ನಾನಂತೂ ಮುಕ್ಕಾಲು ಅತ್ತೆ ಪಾರ್ಟಿ.

ಈ ಖಾಲಿ ಸ್ಟೈಲ್ ಅಂದ್ರೆ ಎಲ್ರೂ ಆರ್ಕಿಟೆಕ್ಟ್ ಮೀಸ್ ವಾನ್ ಡರ್ ರೋ ಹೆಸ್ರು ಹೇಳ್ತಾರೆ. ಅಮೆರಿಕದ ಇಲಿನಾಯ್‌ನಲ್ಲಿ ಎಡಿತ್ ಫಾರ್ನ್ಸ್‌ವರ್ತ್ ಅನ್ನೋ ಡಾಕ್ಟರ್‌ಗೆ ಅವ್ರು ಕಟ್ಟಿಕೊಟ್ಟ ಗಾಜಿನ ಮನೆ 1951ರಲ್ಲಿ ಮುಗೀತು, ನೋಡೋಕೆ ಸೂಪರ್, ಆದ್ರೆ ಒಂದು ಹ್ಯಾಂಗರ್ ಇಡೋಕೂ ಹೊರಗಿಂದ ಹೆಂಗ್ ಕಾಣುತ್ತೋ ಅಂತ ಯೋಚ್ನೆ ಮಾಡ್ಬೇಕು ಅಂತ ಆಯಮ್ಮನೇ ಬೇಜಾರು ಮಾಡ್ಕೊಂಡ್ರು. ನಮ್ಮ ತೊಟ್ಟಿಮನೆಗಳೂ ಖಾಲೀನೇ, ರೆಡ್ ಆಕ್ಸೈಡ್ ನೆಲ, ಚಾಪೆ, ಮಣೆ, ಮುಗೀತು. ಯಾಕಂದ್ರೆ ಸಾಮಾನೆಲ್ಲಾ ಉಗ್ರಾಣದಲ್ಲಿ, ಅಟ್ಟದಲ್ಲಿ. ಫ್ಲಾಟ್‌ನಲ್ಲಿ ಅವೆರಡೂ ಹೋದ್ವು, ಸಾಮಾನು ಮಾತ್ರ ಜೊತೇಲೇ ಬಂತು.

ಅದಕ್ಕೆ ಗೋಡೆ ಬಣ್ಣ ಆಮೇಲೆ, ಮೊದ್ಲು ಸಾಮಾನು ವಿಂಗಡ್ಸಿ. ದಸರಾ ಗೊಂಬೆ, ಚಕ್ಕುಲಿ ಒರಳು, ದೊಡ್ಡ ಬಾಂಡ್ಲಿ ಇವೆಲ್ಲಾ ಹಬ್ಬಕ್ಕೆ ಮಾತ್ರ ಇಳಿಯೋದು, ಲಾಫ್ಟ್‌ಗೆ ಹಾಕಿ, ಲಾಫ್ಟ್‌ಗೆ ಬಾಗ್ಲು ಇಡ್ಸಿ. ಬೇಡದ ಪಾತ್ರೆ ಇದ್ರೆ ಹಿರಿಯರ ಮುಂದೆ "ಬಿಸಾಕೋಣ" ಅಂತ ಬಾಯಿ ಬಿಡ್ಬೇಡಿ, ಹಳೇ ಸ್ಟೀಲ್ ತೂಕಕ್ಕೆ ಹಾಕಿ ಬೇರೆ ತರೋಣ ಅನ್ನಿ, ಒಂದು ಚೀಲ ಹೋಗಿ ಒಂದು ಪಾತ್ರೆ ಬರುತ್ತೆ, ಇಬ್ರಿಗೂ ಖುಷಿ.

ಅಡುಗೆಮನೆ ವಿಷ್ಯದಲ್ಲಿ ಫೋಟೋ ನೋಡಿ ಮೋಸ ಹೋಗ್ಬೇಡಿ. ಓಪನ್ ಶೆಲ್ಫ್ ಬೇಡ್ವೇ ಬೇಡ, ಒಗ್ಗರಣೆ ಎಣ್ಣೆ ಜಿಡ್ಡಿನ ಮೇಲೆ ಧೂಳು ಕೂತು ಡಬ್ಬ ಎಲ್ಲಾ ಅಂಟಂಟು. ಹ್ಯಾಂಡಲ್ ಇಲ್ದಿರೋ ಬಿಳೀ ಮ್ಯಾಟ್ ಶಟರ್, ಅಂದ್ರೆ ಕಬೋರ್ಡ್ ಬಾಗ್ಲು, ಚೆನ್ನಾಗೇ ಕಾಣುತ್ತೆ, ಅರಿಶಿನದ ಕೈಯಲ್ಲಿ ಒಂದ್ಸಲ ತಳ್ಳೋವರ್ಗೂ. ಡ್ರಾಯರ್ ಅಳತೆ ಕೊಡೋಕ್ ಮುಂಚೆ ನಿಮ್ಮನೆ ದೊಡ್ಡ ಕುಕ್ಕರ್‌ನ ವೆಯ್ಟ್ ಸಮೇತ ಅಳೀರಿ, ಊಟದ ತಟ್ಟೆ ನಿಲ್ಸಿ ಅಳೀರಿ. ಮೇಲಿನ ಕಬೋರ್ಡ್ ಆಳ ಸಾಮಾನ್ಯವಾಗಿ 1 ಅಡಿ ಅಷ್ಟೇ, ಅಕ್ಕಿ ಡಬ್ಬ ಅಲ್ಲಿ ಕೂರಲ್ಲ, ಅದಕ್ಕೆ ಕೆಳಗೇ ಜಾಗ ಬಿಡ್ಸಿ.

ಹಾಲ್‌ನಲ್ಲಿ ಒಂದು ಗೋಡೆ ಅತ್ತೆಗೆ ಬಿಟ್ಕೊಡಿ, ಫೋಟೋ, ಹಾರ, ತಂಜಾವೂರು ಪೇಂಟಿಂಗ್, ಏನ್ ಬೇಕಾದ್ರೂ ಹಾಕ್ಕೊಳ್ಲಿ, ಮಿಕ್ಕ ಮೂರು ಗೋಡೆಗೆ ಒಂದು ಮೊಳೇನೂ ಹೊಡಿಯಂಗಿಲ್ಲ ಅಂತ ಮೊದ್ಲೇ ಮಾತಾಡ್ಕೊಳಿ. ತಿಥಿ ನಕ್ಷತ್ರ ನೋಡೋ ಕ್ಯಾಲೆಂಡರ್ ಮಾತ್ರ ಅಡುಗೆಮನೆ ಬಾಗ್ಲ ಹಿಂದೆ ಹೋಗ್ಲಿ.