ಸಸ್ಕಾಚೆವಾನ್ ಬಯಲಿನಲ್ಲಿ ಶರತ್ಕಾಲದ ಹಕ್ಕಿಗಳ ಲೆಕ್ಕ ಇಟ್ಟ ಬಗೆ

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ದಕ್ಷಿಣಾರ್ಧ ಬಹುಪಾಲು ಬಯಲು. ಒಂದು ಕಾಲಕ್ಕೆ ಹುಲ್ಲುಗಾವಲಾಗಿದ್ದ ಈ ನೆಲದಲ್ಲಿ ಈಗ ಗೋಧಿ, ಬಾರ್ಲಿ, ಕನೋಲಾ, ಮಸೂರ ಬೆಳೆಯುತ್ತಾರೆ. ಹಿಮಯುಗದ ಹಿಮನದಿಗಳು ಬಿಟ್ಟುಹೋದ ತಗ್ಗುಗಳಲ್ಲಿ ನೀರು ನಿಂತು, ಹೊಲಗಳ ನಡುನಡುವೆ ಲೆಕ್ಕವಿಲ್ಲದಷ್ಟು ಹೊಂಡಗಳಾಗಿವೆ. ಉತ್ತರದಲ್ಲಿ ಮರಿ ಮಾಡಿದ ಹಕ್ಕಿಗಳು ದಕ್ಷಿಣಕ್ಕೆ ಇಳಿಯುವಾಗ ಈ ನೀರನ್ನೂ ಕೊಯ್ಲಾದ ಹೊಲಗಳ ಕೂಳೆಯಲ್ಲಿ ಉದುರಿದ ಕಾಳನ್ನೂ ನಂಬಿ ಬರುತ್ತವೆ. ರಿಜೈನಾ ನಗರದಲ್ಲಿ ನೆಲೆಸಿರುವ ನಾನು ಕೆಲವು ವರ್ಷಗಳಿಂದ, ಪೂರ್ವದ ಯಾರ್ಕ್‌ಟನ್‌ನಿಂದ ಪಶ್ಚಿಮದ ಸ್ವಿಫ್ಟ್ ಕರೆಂಟ್‌ವರೆಗಿನ ಸ್ಥಳೀಯ ಪಕ್ಷಿವೀಕ್ಷಕರು ಶರತ್ಕಾಲದಲ್ಲಿ ಕಳಿಸುವ ವರದಿಗಳನ್ನು ಒಟ್ಟುಗೂಡಿಸಿ, ಪ್ರಶ್ನೆ ಕೇಳಿ, ಸರಿಪಡಿಸಿ, ಒಂದು ಋತುವಿನ ದಾಖಲೆಯಾಗಿ ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ರಸ್ತೆಯಲ್ಲಿ 400 ಕಿಲೋಮೀಟರಿಗೂ ಹೆಚ್ಚು ಉದ್ದದ ಈ ಹರವನ್ನು ಒಬ್ಬರೇ ನೋಡಿ ಮುಗಿಸುವುದು ಸಾಧ್ಯವಿಲ್ಲ. ಆದ್ದರಿಂದ ಇಲ್ಲಿ ವರದಿಯನ್ನು ಹೇಗೆ ಬರೆಯುತ್ತೇವೆ ಎಂಬುದು ಹಕ್ಕಿಯನ್ನು ಗುರುತಿಸುವಷ್ಟೇ ಮುಖ್ಯವಾಗುತ್ತದೆ.

ಹಕ್ಕಿಗಳ ಮಟ್ಟಿಗೆ ಶರತ್ಕಾಲವು ಜುಲೈ ತಿಂಗಳಲ್ಲಿಯೇ ಆರಂಭವಾಗುತ್ತದೆ. ಟಂಡ್ರಾದಲ್ಲಿ ಮೊಟ್ಟೆಯಿಟ್ಟ ಸ್ಯಾಂಡ್‌ಪೈಪರ್ ಎಂಬ ತೀರಹಕ್ಕಿಗಳಲ್ಲಿ ಪ್ರಾಯದ ಹಕ್ಕಿಗಳು ಮೊದಲು ಹೊರಟು ಜುಲೈ ವೇಳೆಗೇ ಚಾಪ್ಲಿನ್ ಸರೋವರದ ಉಪ್ಪುದಂಡೆಯಲ್ಲಿ ಕಾಣಿಸಿಕೊಳ್ಳುತ್ತವೆ. ಅದೇ ವರ್ಷದ ಮರಿಗಳು ತಮ್ಮಷ್ಟಕ್ಕೆ ತಾವೇ ದಾರಿ ಹಿಡಿದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬರುತ್ತವೆ. ಸೋಡಿಯಂ ಸಲ್ಫೇಟ್ ತೆಗೆಯುವ ಈ ಸರೋವರದ ಉಪ್ಪುನೀರಿನಲ್ಲಿ ಹುಟ್ಟುವ ಪುಟ್ಟ ಸೀಗಡಿಗಳೇ ಅವುಗಳ ಬುತ್ತಿ. ಪಶ್ಚಿಮ ಗೋಳಾರ್ಧದ ತೀರಹಕ್ಕಿಗಳ ತಾಣಜಾಲಕ್ಕೆ ಚಾಪ್ಲಿನ್ ಸೇರಿದ್ದು 1997ರಲ್ಲಿ. ಅಲ್ಲಿಂದ ಬರೆಯುವವರನ್ನು ನಾನು ಕೇಳಿಕೊಳ್ಳುವುದು ಇಷ್ಟು: ಸಾಧ್ಯವಾದಲ್ಲೆಲ್ಲ ಪ್ರಾಯದ ಹಕ್ಕಿ ಮತ್ತು ಮರಿಗಳನ್ನು ಬೇರೆಬೇರೆಯಾಗಿ ಎಣಿಸಿರಿ. ಪ್ರಾಯದವುಗಳ ಗರಿ ಸವೆದು ಮಾಸಿರುತ್ತದೆ. ಮರಿಗಳ ಬೆನ್ನಿನ ಪ್ರತಿ ಗರಿಗೂ ತಿಳಿಬಣ್ಣದ ಅಂಚಿರುವುದರಿಂದ ಮೈ ಹುರುಪೆ ಹೊದ್ದಂತೆ ಕಾಣುತ್ತದೆ. ಮರಿಗಳ ಪಾಲು ಎಷ್ಟೆಂಬುದು ತಿಳಿದರೆ, ನಾವು ಯಾರೂ ಹೋಗಿ ನೋಡಲಾಗದ ದೂರದ ಗೂಡುಗಳಲ್ಲಿ ಆ ವರ್ಷ ಏನಾಯಿತೆಂಬುದರ ಸುಳಿವು ಸಿಗುತ್ತದೆ.

ವರದಿಯ ನಮೂನೆಯನ್ನು ಸರಳವಾಗಿಟ್ಟಿದ್ದೇನೆ. ದಿನಾಂಕ, ನೋಡಲು ತೊಡಗಿದ ಮತ್ತು ಮುಗಿಸಿದ ಸಮಯ, ಎಷ್ಟು ಜನ ನೋಡಿದರು, ಎಣಿಸಿದ್ದೋ ಅಂದಾಜೋ, ಹಾಗೂ ಸ್ಥಳ. ಈ ಪ್ರಾಂತ್ಯದ ಬಯಲಿನಲ್ಲಿ ಜಲ್ಲಿ ಹಾಕಿದ ರಸ್ತೆಗಳು ಒಂದೆರಡು ಮೈಲಿಗೊಂದರಂತೆ ಚೌಕುಳಿಯಾಗಿ ಹಾದುಹೋಗುವುದರಿಂದ, ಹತ್ತಿರದ ಎರಡು ರಸ್ತೆಗಳು ಕೂಡುವ ಜಾಗವನ್ನು ಬರೆದರೆ ಸಾಕು, ಭೂಪಟದಲ್ಲಿ ಹೊಲವೇ ಸಿಕ್ಕಿಬಿಡುತ್ತದೆ. ಇನ್ನೊಂದು ಅನುಕೂಲವೂ ಇದೆ. ಕೆನಡಾದ ಬೇರೆ ಹಲವು ಕಡೆಗಳಲ್ಲಿ ನವೆಂಬರ್ ಆರಂಭದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಸಸ್ಕಾಚೆವಾನ್‌ನ ಹೆಚ್ಚಿನ ಭಾಗದಲ್ಲಿ ಆ ಪದ್ಧತಿಯಿಲ್ಲ. ಹೀಗಾಗಿ ಅಕ್ಟೋಬರ್‌ನ ಬೆಳಗಿನ ಹಾರಾಟವನ್ನು ನವೆಂಬರ್‌ನದರ ಜೊತೆ ಹೋಲಿಸುವಾಗ ಸಮಯದ ಲೆಕ್ಕ ತಪ್ಪುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವುದು ಹೆಬ್ಬಾತುಗಳ ಎಣಿಕೆ. ಹಿಮ ಹೆಬ್ಬಾತು, ಕೆನಡಾ ಹೆಬ್ಬಾತು, ಬಿಳಿಹಣೆಯ ಹೆಬ್ಬಾತುಗಳು ರಾತ್ರಿ ನೀರಿನ ಮೇಲೆ ತಂಗಿ, ಬೆಳಗಾಗುತ್ತಲೇ ಹೊಲಗಳಿಗೆ ಹಾರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಕೆರೆಯಲ್ಲಿ ತಂಗಿ ಸುತ್ತಲಿನ ಹೊಲಗಳಲ್ಲಿ ಮೇಯುವುದನ್ನು ಮೊದಲೇ ಬಲ್ಲ ನನಗೆ, ಎಲ್ಲಿ ನಿಂತು ಎಣಿಸಬೇಕು ಎಂಬುದು ಇಲ್ಲಿ ಬೇಗ ಹೊಳೆಯಿತು. ಹೊಲದಲ್ಲಿ ಎಣಿಸಹೊರಟರೆ ಅರ್ಧ ಹಕ್ಕಿಗಳು ಏರುತಗ್ಗಿನ ಮರೆಯಲ್ಲಿರುತ್ತವೆ, ಅಷ್ಟಲ್ಲದೆ ಒಂದೇ ಹಿಂಡು ಮಧ್ಯಾಹ್ನದೊಳಗೆ ಮೂರು ಹೊಲ ಬದಲಿಸಿರುತ್ತದೆ. ಆದ್ದರಿಂದ ಸೂರ್ಯೋದಯಕ್ಕೆ ಮುಂಚೆಯೇ ನೀರಿನ ಅಂಚಿಗೆ ಹೋಗಿ, ಹಕ್ಕಿಗಳು ಗಾಳಿಗೇರಿ ಸಾಲು ಕಟ್ಟಿದಾಗ ಎಣಿಸುತ್ತೇನೆ. ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ ಅವು ಆಕಾಶದಲ್ಲಿ ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಿಗೆ ರೂಢಿ ಮಾಡಿಕೊಳ್ಳುವುದು, ಅಂಥ ಹತ್ತು ತುಂಡುಗಳನ್ನು ಸೇರಿಸಿ ನೂರರ ಅಳತೆ ಮಾಡಿಕೊಳ್ಳುವುದು, ಆ ಅಳತೆಯನ್ನು ಉಳಿದ ಹಿಂಡಿನ ಮೇಲೆ ಹಾಸುತ್ತ ಹೋಗುವುದು, ಜೊತೆಗೊಂದು ಛಾಯಾಚಿತ್ರ ತೆಗೆದಿಟ್ಟು ಮನೆಯಲ್ಲಿ ತಾಳೆ ನೋಡುವುದು: ಇದು ನಾನು ಅನುಸರಿಸುವ ಕ್ರಮ. ಛಾಯಾಚಿತ್ರದೊಡನೆ ತಾಳೆ ನೋಡುತ್ತ ಹೋದಂತೆ ಅಂದಾಜು ತಾನಾಗಿ ಬಿಗಿಯಾಗುತ್ತದೆ.

ಹಿಮ ಹೆಬ್ಬಾತಿನ ಹಿಂಡಿನೊಳಗೆ ರಾಸ್ ಹೆಬ್ಬಾತುಗಳೂ ಬೆರೆತಿರುತ್ತವೆ. ಅವುಗಳ ಮೈ ಚಿಕ್ಕದು, ತಲೆ ದುಂಡಗೆ, ಕೊಕ್ಕು ಮೋಟು. ಹತ್ತಿರದಲ್ಲಿ ಇದು ಸುಲಭ. ಸಾವಿರಾರು ಹಕ್ಕಿಗಳು ಒಟ್ಟಿಗೆ ಎದ್ದಾಗ ಸಾಧ್ಯವೇ ಇಲ್ಲ. ಅಂಥಲ್ಲಿ ‘ಹಿಮ ಅಥವಾ ರಾಸ್’ ಎಂದು ಬರೆದು ಕಳಿಸಿದ ವರದಿಯನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ, ಬದಲಿಗೆ ಹೆಚ್ಚು ನಂಬುತ್ತೇನೆ.

ಒಂದೇ ಬೆಳಿಗ್ಗೆ ಇಬ್ಬರು ಅಕ್ಕಪಕ್ಕದ ಹೊಲಗಳಿಂದ ದೊಡ್ಡ ಸಂಖ್ಯೆ ಕಳಿಸಿದಾಗ ಸಮಯವನ್ನೂ ಹಾರಾಟದ ದಿಕ್ಕನ್ನೂ ಹೋಲಿಸಿ ನೋಡುತ್ತೇನೆ. ಒಂದೇ ಹಿಂಡು ಎಂಬ ಸಂಶಯವಿದ್ದರೆ ಎರಡನ್ನೂ ಕೂಡಿಸದೆ ದೊಡ್ಡದನ್ನು ಮಾತ್ರ ಒಟ್ಟು ಲೆಕ್ಕಕ್ಕೆ ಹಿಡಿಯುತ್ತೇನೆ. ಮೂಲ ವರದಿಗಳೆರಡೂ ಹಾಗೆಯೇ ಉಳಿಯುತ್ತವೆ.

ಸೆಪ್ಟೆಂಬರ್ ಬಂತೆಂದರೆ ಎಲ್ಲರ ಗಮನ ಲಾಸ್ಟ್ ಮೌಂಟನ್ ಸರೋವರದ ಉತ್ತರ ತುದಿಯತ್ತ ತಿರುಗುತ್ತದೆ. 1887ರಲ್ಲಿ ಹಕ್ಕಿಗಳಿಗೆಂದು ಕಾದಿರಿಸಿದ ಈ ಜಾಗ ಉತ್ತರ ಅಮೆರಿಕದಲ್ಲಿಯೇ ಕೇಂದ್ರ ಸರ್ಕಾರವೊಂದು ಘೋಷಿಸಿದ ಮೊದಲ ಪಕ್ಷಿಧಾಮ. ಸ್ಯಾಂಡ್‌ಹಿಲ್ ಕ್ರೇನ್ ಎಂಬ ಬೂದುಬಣ್ಣದ ಕ್ರೌಂಚಗಳು ಇಲ್ಲಿ ಹತ್ತಾರು ಸಾವಿರ ಸಂಖ್ಯೆಯಲ್ಲಿ ಸೇರುತ್ತವೆ. ರಾತ್ರಿ ಆಳವಿಲ್ಲದ ನೀರಿನಲ್ಲಿ ನಿಂತೇ ಕಳೆದು, ಬೆಳಿಗ್ಗೆ ಗೋಧಿ ಮತ್ತು ಬಾರ್ಲಿಯ ಕೂಳೆಗೆ ಹೋಗುತ್ತವೆ. ಅವುಗಳ ಕೂಗು ಕಣ್ಣಿಗೆ ಹಕ್ಕಿ ಕಾಣುವುದಕ್ಕಿಂತ ಎಷ್ಟೋ ಮೊದಲೇ ಕಿವಿಗೆ ಬೀಳುತ್ತದೆ. ಈ ಭಾಗದ ಉತ್ತಮ ವರದಿಗಳು ನನಗೆ ಬರುವುದು ಬೈನಾಕ್ಯುಲರ್ ಹಿಡಿದವರಿಂದಷ್ಟೇ ಅಲ್ಲ. ಕೊಯ್ಲುಯಂತ್ರದ ಮೇಲೆ ಕುಳಿತು ದಿನವಿಡೀ ಒಂದೇ ಹೊಲವನ್ನು ಸುತ್ತುವ ರೈತರು, ಹಕ್ಕಿಗಳು ಯಾವ ದಿನ ಬಂದವು, ಯಾವ ದಿನ ಒಮ್ಮೆಗೇ ಖಾಲಿಯಾದವು ಎಂಬುದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲರು.

ಆ ಬೂದು ಹಿಂಡುಗಳ ನಡುವೆಯೋ, ದೂರದ ಹೊಂಡವೊಂದರ ಬದಿಯಲ್ಲಿ ಪ್ರತ್ಯೇಕವಾಗಿಯೋ ಕಾಣಸಿಗುವ ಹೂಪಿಂಗ್ ಕ್ರೇನ್ ನನ್ನ ಕೆಲಸದ ಅತ್ಯಂತ ಜವಾಬ್ದಾರಿಯ ಭಾಗ. ಸುಮಾರು ಒಂದೂವರೆ ಮೀಟರ್ ಎತ್ತರದ ಈ ಬಿಳಿಯ ಕ್ರೌಂಚಗಳು 1941ರ ವೇಳೆಗೆ ಇಪ್ಪತ್ತರ ಆಸುಪಾಸಿಗೆ ಇಳಿದಿದ್ದವು. ಅವು ಎಲ್ಲಿ ಗೂಡು ಕಟ್ಟುತ್ತವೆಂಬುದೇ ತಿಳಿಯದಿದ್ದಾಗ, 1954ರಲ್ಲಿ ಉತ್ತರದ ವುಡ್ ಬಫಲೋ ರಾಷ್ಟ್ರೀಯ ಉದ್ಯಾನದಲ್ಲಿ ಅವುಗಳ ಗೂಡುಕಟ್ಟುವ ನೆಲೆ ಪತ್ತೆಯಾಯಿತು. ಅಲ್ಲಿಂದ ಟೆಕ್ಸಸ್ ಕರಾವಳಿಯ ಅರಾನ್ಸಾಸ್‌ವರೆಗೆ ಸುಮಾರು 4,000 ಕಿಲೋಮೀಟರ್ ಪಯಣಿಸುವ ಈ ಹಿಂಡಿನಲ್ಲಿ ಇಂದು 500ಕ್ಕೂ ಹೆಚ್ಚು ಹಕ್ಕಿಗಳಿವೆ, ಮತ್ತು ಅವು ಶರತ್ಕಾಲದಲ್ಲಿ ವಾರಗಟ್ಟಲೆ ತಂಗುವುದು ಸಸ್ಕಾಚೆವಾನ್‌ನ ಹೊಲಗಳಲ್ಲಿ. ಈ ವರದಿ ಬಂದಾಗ ಕೇಳುವ ಪ್ರಶ್ನೆಗಳು ನಿಶ್ಚಿತವಾಗಿವೆ. ಹಾರುವಾಗ ಕತ್ತು ಮುಂದಕ್ಕೂ ಕಾಲು ಬಾಲದಾಚೆಗೂ ನೀಳವಾಗಿ ಚಾಚಿದ್ದವೇ? ಕಾಲು ಹಿಂದೆ ಚಾಚಿರದಿದ್ದರೆ ಅದು ಬಿಳಿ ಪೆಲಿಕನ್ ಅಥವಾ ಹಿಮ ಹೆಬ್ಬಾತು. ರೆಕ್ಕೆಯ ತುದಿಯಲ್ಲಿ ಕಪ್ಪು ಇತ್ತೇ? ಇಲ್ಲವಾದರೆ ಹಂಸ. ಎರಡು ಬಿಳಿ ಹಕ್ಕಿಗಳ ಜೊತೆ ಕಂದುಗೆಂಪು ಬಣ್ಣ ಬೆರೆತ ಮೂರನೆಯದು ಇತ್ತೇ? ಇದ್ದರೆ ಅದು ಆ ವರ್ಷದ ಮರಿ, ಮತ್ತು ಅದಕ್ಕಿಂತ ಸಂತೋಷದ ಸುದ್ದಿ ನನಗೆ ಆ ಋತುವಿನಲ್ಲಿ ಬೇರೊಂದಿಲ್ಲ.

ದೃಢಪಟ್ಟ ಬಳಿಕ ನಿಖರವಾದ ಜಾಗವನ್ನು ವನ್ಯಜೀವಿ ಅಧಿಕಾರಿಗಳಿಗೆ ಮಾತ್ರ ತಿಳಿಸುತ್ತೇನೆ. ನಮ್ಮ ದಾಖಲೆಯಲ್ಲಿ ಊರಿನ ಹೆಸರಷ್ಟೇ ಇರುತ್ತದೆ. ಹಕ್ಕಿ ಅಲ್ಲಿರುವಾಗಲೇ ಹೊಲದ ಗುರುತು ಹೊರಬಿದ್ದರೆ ಕಾರುಗಳು ಸಾಲುಗಟ್ಟುತ್ತವೆ, ಮೇಯಬೇಕಾದ ಹಕ್ಕಿ ಹಾರಿ ಹಾರಿ ದಣಿಯುತ್ತದೆ. ಇದೇ ದಿನಗಳಲ್ಲಿ ಹೆಬ್ಬಾತು ಮತ್ತು ಸ್ಯಾಂಡ್‌ಹಿಲ್ ಕ್ರೇನ್‌ಗಳ ಬೇಟೆಗೆ ಕಾನೂನಿನ ಅನುಮತಿಯೂ ಇರುವುದರಿಂದ, ಬೇಟೆಗಾರರೊಡನೆ ಗುರುತಿನ ಲಕ್ಷಣಗಳನ್ನು ಕುರಿತು ಮಾತಾಡುವುದನ್ನು ನಾನು ಈ ಕೆಲಸದ ಭಾಗವೆಂದೇ ಭಾವಿಸಿದ್ದೇನೆ. ಅವರಲ್ಲಿ ಹಲವರು ಈಗ ನಿಯಮಿತವಾಗಿ ವರದಿ ಕಳಿಸುತ್ತಾರೆ.

ಹೊಸಬರು ಮೊದಲು ಬಂದ ಹಕ್ಕಿಯನ್ನು ಬರೆಯುತ್ತಾರೆ, ಕೊನೆಗೆ ಹೋದದ್ದನ್ನು ಬರೆಯುವುದಿಲ್ಲ. ನಿನ್ನೆ ಇದ್ದ ಹಕ್ಕಿ ಇಂದು ಇಲ್ಲವೆಂಬುದು ಘಟನೆಯಂತೆ ತೋರುವುದಿಲ್ಲವಲ್ಲ. ಸ್ವೇನ್ಸನ್ ಗಿಡುಗವನ್ನೇ ನೋಡಿ. ಬೇಸಿಗೆಯ ಕೊನೆಯಲ್ಲಿ ಮಿಡತೆ ಹೆಚ್ಚಿರುವ ಹೊಲಗಳಲ್ಲಿ ಗುಂಪುಗೂಡುವ ಇವು ಅರ್ಜೆಂಟೀನಾದ ಪಂಪಾಸ್ ಬಯಲಿಗೆ ಹೋಗುತ್ತವೆ. 1995–96ರ ಋತುವಿನಲ್ಲಿ ಅಲ್ಲಿ ಮಿಡತೆಗಳಿಗೆಂದು ಸಿಂಪಡಿಸಿದ ಮಾನೊಕ್ರೋಟೊಫಾಸ್‌ನಿಂದ ಸಾವಿರಾರು ಗಿಡುಗಗಳು ಸತ್ತವು. ಕರ್ನಾಟಕದ ಹತ್ತಿ ಬೆಳೆಗಾರರಿಗೂ ಪರಿಚಿತವಾದ ಹೆಸರಿದು. ಅಂಥ ಹಕ್ಕಿಯ ವಿಷಯದಲ್ಲಿ ಎಷ್ಟು ಹೊರಟವು, ಯಾವಾಗ ಹೊರಟವು ಎಂಬ ಲೆಕ್ಕ ನಮ್ಮ ಕಡೆಯಿಂದ ಇರಲೇಬೇಕು. ಹೀಗಾಗಿ ಗಿಡುಗ ಕಂಡ ಪ್ರತಿ ದಿನವನ್ನೂ ಬರೆಯಲು ಕೇಳುತ್ತೇನೆ. ಆ ಸಾಲಿನ ಕೊನೆಯ ದಿನಾಂಕ ತಾನಾಗಿಯೇ ನಿಲ್ಲುತ್ತದೆ. ಖಾಲಿ ಹೊಂಡಗಳ ವರದಿಯೂ ನನಗೆ ಬೇಕು. 2021ರ ಬರಗಾಲದಲ್ಲಿ ಈ ಬಯಲಿನ ಎಷ್ಟೋ ಹೊಂಡಗಳು ಒಣಗಿದ್ದವು. ಅಂಥ ವರ್ಷದಲ್ಲಿ ‘ನೀರಿಲ್ಲ, ಬಾತುಗಳಿಲ್ಲ’ ಎಂಬ ಒಂದು ಸಾಲು ಇಲ್ಲದಿದ್ದರೆ, ಯಾರೂ ನೋಡಲಿಲ್ಲವೋ ಹಕ್ಕಿಯೇ ಬರಲಿಲ್ಲವೋ ಎಂಬುದು ಮುಂದೆ ಓದುವವರಿಗೆ ತಿಳಿಯುವುದಿಲ್ಲ.

ಅಕ್ಟೋಬರ್‌ನಲ್ಲಿ ಟಂಡ್ರಾ ಹಂಸಗಳು, ಕಾಲಿಗೂ ಗರಿ ಹೊದ್ದ ಉತ್ತರದ ಗಿಡುಗಗಳು, ಕೆನಡಾದಲ್ಲಿ ಮಾತ್ರ ಮರಿ ಮಾಡುವ ಹ್ಯಾರಿಸ್ ಗುಬ್ಬಿಗಳು ಬಂದುಹೋಗುತ್ತವೆ. ನವೆಂಬರ್‌ನಲ್ಲಿ ಹಿಮಗೂಬೆಗಳು ರಸ್ತೆಬದಿಯ ಕಂಬಗಳ ಮೇಲೆ ಕುಳಿತಿರುತ್ತವೆ. ಕಾರಿನಿಂದ ಇಳಿಯದೆ ನೋಡಿ ಎಂಬುದಷ್ಟೇ ಅವುಗಳ ಬಗ್ಗೆ ನನ್ನ ಸೂಚನೆ.

ಹೊಂಡಗಳೂ ಸರೋವರಗಳೂ ಹೆಪ್ಪುಗಟ್ಟಿದ ದಿನಾಂಕಗಳನ್ನು ಬರೆದುಕೊಂಡ ಮೇಲೆ ಆ ಋತುವಿನ ದಾಖಲೆಯನ್ನು ಮುಗಿಸುತ್ತೇನೆ. ದೃಢಪಡದ ವರದಿಗಳನ್ನು ಅಳಿಸದೆ, ಕೇಳಿದ ಪ್ರಶ್ನೆ ಮತ್ತು ಬಂದ ಉತ್ತರಗಳ ಸಮೇತ ಬೇರೆ ಪುಟದಲ್ಲಿ ಇಡುತ್ತೇನೆ. ಬರೆದ ಪ್ರತಿಯೊಬ್ಬರಿಗೂ ಅವರ ವರದಿ ಎಲ್ಲಿ ಸೇರಿತೆಂದು ಗುರುತಿಸಿದ ದಾಖಲೆಯ ಒಂದು ಪ್ರತಿ ಹೋಗುತ್ತದೆ. ಮುಂದಿನ ಋತುವಿಗೆ ನಮೂನೆಯಲ್ಲಿ ಒಂದು ಕಲಮು ಹೊಸದಾಗಿ ಸೇರಿಸಿದ್ದೇನೆ: ಆ ಹೊಲದಲ್ಲಿ ಕೊಯ್ಲು ಮುಗಿದ ದಿನ ಮತ್ತು ಕೂಳೆಯನ್ನು ಉತ್ತ ದಿನ. ಕ್ರೌಂಚಗಳು ಒಂದು ಜಾಗದಲ್ಲಿ ಎಷ್ಟು ದಿನ ಉಳಿಯುತ್ತವೆಂಬುದಕ್ಕೂ ಈ ಎರಡು ದಿನಾಂಕಗಳಿಗೂ ಸಂಬಂಧವಿದೆಯೆಂದು ರೈತರು ಹೇಳುತ್ತ ಬಂದಿದ್ದಾರೆ, ಅದನ್ನು ಈಗ ಬರೆದಿಡಲು ಆರಂಭಿಸುತ್ತಿದ್ದೇವೆ.