ವಿಯೆನ್ನಾದ ಪವಿತ್ರ ಈಟಿ: ನೋಡುವುದು ಹೇಗೆ, ಅದರ ದಂತಕಥೆ ಬಿಡಿಸುವುದು ಹೇಗೆ

ಹಿಡಿದವರಿಗೆ ಸೋಲಿಲ್ಲ ಎಂಬ ಈಟಿಯ ಕಥೆ ಕಿವಿಗೆ ಬಿದ್ದರೆ ಮೊದಲು ಕೇಳಿ: ಯಾವ ಈಟಿ? ಯೇಸುವಿನ ಪಕ್ಕೆ ತಿವಿದದ್ದೆಂದು ಹೆಸರಾದವು ಹಲವು. 1098ರಲ್ಲಿ ಕ್ರುಸೇಡಿನವರು, ಅಂದರೆ ಧರ್ಮಯುದ್ಧಕ್ಕೆ ಹೊರಟ ಯುರೋಪಿನ ಕ್ರೈಸ್ತರು, ಆಂಟಿಯೋಕ್‌ ನಗರದ ಚರ್ಚಿನ ನೆಲ ಅಗೆದು ತೆಗೆದದ್ದು ಒಂದು; ಆ ಬಳಿಕ ಅಲ್ಲಿ ಅವರು ಗೆದ್ದರು. 1492ರಲ್ಲಿ ಒಟ್ಟೊಮನ್ ಸುಲ್ತಾನ ಎರಡನೇ ಬಾಯಜೀದ್ ಪೋಪ್‌ಗೆ ಕಳಿಸಿದ್ದು ರೋಮಿನಲ್ಲಿದೆ. ಆರ್ಮೇನಿಯಾದ ಎಚ್ಮಿಯಾಡ್ಜಿನ್‌ನಲ್ಲಿ ಇನ್ನೊಂದು. ಕಥೆಯಲ್ಲಿ ಹಿಟ್ಲರ್ ಬಂದರೆ ಅದು ವಿಯೆನ್ನಾದ ಹೋಫ್‌ಬುರ್ಗ್ ಅರಮನೆಯ ಖಜಾನೆಯದು. ಆಂಟಿಯೋಕ್‌ನ ಗೆಲುವನ್ನು ಇದರ ಖಾತೆಗೆ ಬರೆದುಬಿಡುವುದು ತೀರ ಸಾಮಾನ್ಯ ತಪ್ಪು.

ಗಾಜಿನ ಮುಂದೆ ನಿಂತಾಗ ಕಣ್ಣು ಚಿನ್ನಕ್ಕೇ ಹೋಗುತ್ತದೆ. ಅದನ್ನು ಬಿಟ್ಟು ಕಬ್ಬಿಣ ನೋಡಿ. ಉಳಿದಿರುವುದು ಸುಮಾರು 50 ಸೆಂ.ಮೀ. ಉದ್ದದ ಅಲಗು ಮಾತ್ರ, ಮರದ ಹಿಡಿ ಇಲ್ಲ. ಬುಡದಲ್ಲಿ ಎರಡು ರೆಕ್ಕೆಗಳಿವೆ. ಇದು 8ನೇ ಶತಮಾನದ ಕ್ಯಾರೊಲಿಂಜಿಯನ್ (ಶಾರ್ಲ್‌ಮೇನ್ ವಂಶದ ಕಾಲದ) ಈಟಿಯ ಗುರುತು. ಯೇಸುವಿನ ಪಕ್ಕೆ ತಿವಿದನೆನ್ನುವ ರೋಮನ್ ಸೈನಿಕ ಲಾಂಗಿನಸ್‌ನ ಕೈಯಲ್ಲಿ ಇದು ಇರಲಾರದು. ನಡುವಿನ ಸೀಳಿನಲ್ಲಿ ಕೂರಿಸಿದ ಕಡ್ಡಿಯನ್ನು ಶಿಲುಬೆಯ ಮೊಳೆಯೆಂದು ಪೂಜಿಸಿದರು.

ಅಲಗು ಮುರಿದಿದೆ. ಮುರಿದ ಜಾಗಕ್ಕೆ ಮೊದಲು ಕಬ್ಬಿಣದ ಪಟ್ಟಿ, ಅದರ ಮೇಲೆ ಬೆಳ್ಳಿ, ಎಲ್ಲಕ್ಕೂ ಮೇಲೆ ಚಿನ್ನ. ದಂತಕಥೆಯನ್ನೂ ಇದೇ ಕ್ರಮದಲ್ಲಿ ಓದಬೇಕು. 10ನೇ ಶತಮಾನದ ಇತಿಹಾಸಕಾರ ಲಿಯುಟ್‌ಪ್ರಾಂಡ್ ಇದನ್ನು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್‌ನದೆಂದ. ಲಾಂಗಿನಸ್‌ನ ಮಾತೇ ಇಲ್ಲ. ಬೆಳ್ಳಿಯ ಮೇಲಿನ ಬರಹದಲ್ಲಿ ಇದು ಸೈನಿಕ ಸಂತ ಮಾರಿಸ್‌ನ ಈಟಿ. ಸುಮಾರು 1350ರಲ್ಲಿ ದೊರೆ ನಾಲ್ಕನೇ ಚಾರ್ಲ್ಸ್ ಹಾಕಿಸಿದ ಚಿನ್ನದ ಮೇಲೆ ಮಾತ್ರ ಇದು ‘ಪ್ರಭುವಿನ ಈಟಿ ಮತ್ತು ಮೊಳೆ’.

ಬೆಳ್ಳಿಯ ಬರಹ ಓದುವಾಗ ಎಡವುವ ಜಾಗ ಒಂದಿದೆ. ಅಲ್ಲಿ ಬೆಳ್ಳಿ ಹಾಕಿಸಿದವನೆಂದಿರುವ ‘ಮೂರನೇ ಹೆನ್ರಿ’ ನಿಜಕ್ಕೂ ಜರ್ಮನ್ ದೊರೆ ನಾಲ್ಕನೇ ಹೆನ್ರಿ. ಮೊದಲನೇ ಹೆನ್ರಿಗೆ ಚಕ್ರವರ್ತಿ ಪಟ್ಟ ಆಗಿರಲಿಲ್ಲವಾದ್ದರಿಂದ ಚಕ್ರವರ್ತಿಗಳ ಎಣಿಕೆ ಒಂದು ಕಡಿಮೆ. ನಾಲ್ಕನೇ ಹೆನ್ರಿಗೆ ಚಕ್ರವರ್ತಿ ಪಟ್ಟವಾದದ್ದು 1084ರಲ್ಲಿ, ಹಾಗಾಗಿ ಬೆಳ್ಳಿ ಅದಕ್ಕಿಂತ ಈಚಿನದು.

ಗೆಲುವುಗಳನ್ನು ಪರೀಕ್ಷಿಸುವಾಗ ಕಾಲಕ್ಕೆ ಹತ್ತಿರದವರು ಬರೆದಿದ್ದಾರೆಯೇ ನೋಡಿ. 955ರಲ್ಲಿ ಹಂಗೇರಿಯನ್ನರ ವಿರುದ್ಧದ ಲೆಖ್‌ಫೆಲ್ಡ್ ಕದನದಲ್ಲಿ ಜರ್ಮನ್ ದೊರೆ ಮೊದಲನೇ ಓಟೊ ಈಟಿ ಹಿಡಿದದ್ದನ್ನು ಅದೇ ತಲೆಮಾರಿನ ವಿಡುಕಿಂಡ್ ಬರೆದಿದ್ದಾನೆ, ಇದನ್ನು ಒಪ್ಪಬಹುದು. ಸೋಲುಗಳನ್ನೂ ಅಷ್ಟೇ ಶ್ರದ್ಧೆಯಿಂದ ಹುಡುಕಿ, ಕಥೆಗಾರರು ಬಿಡುವುದು ಅವನ್ನೇ. ಬೆಳ್ಳಿ ಹಾಕಿಸಿದ ಹೆನ್ರಿಯನ್ನು 1105ರಲ್ಲಿ ಸ್ವಂತ ಮಗನೇ ಪಟ್ಟದಿಂದ ಇಳಿಸಿದ. 1796ರಲ್ಲಿ ಫ್ರೆಂಚ್ ಸೈನ್ಯ ಹತ್ತಿರವಾದಾಗ ಈಟಿಯನ್ನೇ, ಅದು ಆಗ ಇದ್ದ ಜರ್ಮನಿಯ ನ್ಯೂರೆಂಬರ್ಗ್‌ನಿಂದ ಸಾಗಿಸಬೇಕಾಯಿತು!

1938ರಲ್ಲಿ ಹಿಟ್ಲರ್ ಅದನ್ನು ವಿಯೆನ್ನಾದಿಂದ ಮತ್ತೆ ನ್ಯೂರೆಂಬರ್ಗ್‌ಗೆ ಒಯ್ಯಿಸಿದ. ಅಮೆರಿಕನ್ನರು ಈಟಿ ಹಿಡಿದ ಗಳಿಗೆಯಲ್ಲೇ ಅವನು ಸತ್ತನೆಂಬ ಕಥೆಗೆ ದಿನಾಂಕಗಳನ್ನು ಪಕ್ಕಪಕ್ಕ ಇಡಿ: ನಗರ ಬಿದ್ದದ್ದು 1945ರ ಏಪ್ರಿಲ್ 20, ಅವನು ಸತ್ತದ್ದು 30. ಈಟಿ 1946ರಲ್ಲಿ ವಿಯೆನ್ನಾಕ್ಕೆ ಮರಳಿತು.

ಪಟ್ಟಿಗಳಿಲ್ಲದ ರೂಪ ಬೇಕಿದ್ದರೆ ಪೋಲೆಂಡಿನ ಕ್ರಾಕೋವ್‌ನಲ್ಲಿರುವ ವಾವೆಲ್ ಕೆಥೆಡ್ರಲ್‌ಗೆ ಹೋಗಿ. ಚಕ್ರವರ್ತಿ ಮೂರನೇ ಓಟೊ 1000ನೇ ಇಸವಿಯಲ್ಲಿ ಪೋಲೆಂಡಿನ ಆಳರಸ ಬೋಲೆಸ್ಲಾವ್‌ಗೆ ಕೊಟ್ಟ ಪ್ರತಿ ಅಲ್ಲಿದೆ.