ನನ್ನ ಮದುವೆ ಗೌನಿನ ಕಾರ್ಸೆಟ್ ನಾನೇ ಮನೇಲಿ ಹೊಲ್ಕೊಂಡಿದ್ದು

ಈಸ್ಟರ್ ಆದ್ಮೇಲೆ ಮೇ ತಿಂಗಳಲ್ಲಿ ಮದುವೆ ಅಂತ ಫಿಕ್ಸ್ ಆದಾಗ ಕೈಲಿದ್ದಿದ್ದು ನಾಲ್ಕು ತಿಂಗಳು. ನಮ್ದು ಮೈಸೂರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ನಮ್ಮನೇಲಿ ಅಮ್ಮ, ದೊಡ್ಡಮ್ಮ ಎಲ್ಲರೂ ಬಿಳಿ ಸೀರೆ ಉಟ್ಟೇ ಮದುವೆ ಆದೋರು, ನಂಗೆ ಮಾತ್ರ ಹಿಂದೆ ಲೇಸ್ ದಾರ ಎಳೆದು ಮೈಗೆ ಬಿಗಿಯಾಗಿ ಕಟ್ಟೋ ಕಾರ್ಸೆಟ್ ಇರೋ ಗೌನ್ ಮೇಲೆ ಆಸೆ. ಬ್ಲೌಸು, ಚೂಡಿದಾರ ಎಲ್ಲಾ ಹತ್ತು ವರ್ಷದಿಂದ ಅಮ್ಮನ ಉಷಾ ಮಷೀನಲ್ಲಿ ಹೊಲೀತಾ ಇದೀನಿ, ಪ್ರಿನ್ಸಸ್ ಕಟ್ ಬ್ಲೌಸ್ ಬಂದ್ರೆ ಕಾರ್ಸೆಟ್ಟೂ ಬರುತ್ತೆ, ಒಂದಷ್ಟು ಪೀಸ್ ಜಾಸ್ತಿ ಅಷ್ಟೇ ಅಂದ್ಕೊಂಡು ಶುರು ಮಾಡ್ದೆ.

ಬ್ಲೌಸಿನ ಭಾರ ಎಲ್ಲಾ ಭುಜದ ಮೇಲೆ. ಕಾರ್ಸೆಟ್‌ಗೆ ಭುಜಾನೇ ಇಲ್ವಲ್ಲ, ಅದು ಸೊಂಟ ಹಿಡ್ಕೊಂಡು ಅಲ್ಲಿಂದ ಮೇಲಕ್ಕೆ ನಿಲ್ಬೇಕು. ಇದು ತಲೆಗೆ ಹೋಗೋಕೆ ಒಂದು ಟ್ರಯಲ್ ಪೀಸ್ ಹಾಳಾಗ್ಬೇಕಾಯ್ತು. ಮನೇಲಿದ್ದ ಹಳೇ ಕಾಟನ್ ಸೀರೇಲಿ ಕತ್ತರಿಸಿ ಹೊಲಿದು ಹಾಕ್ಕೊಂಡೆ, ಲೇಸ್ ಎಳೀತಿದ್ದಂಗೆ ಬಟ್ಟೆ ಹಿಗ್ಗಿ ಸೊಂಟದ ಹತ್ರ ಸುಕ್ಕು ಸುಕ್ಕು, ಎರಡು ಸಲ ಕೈ ಎತ್ತಿ ಇಳಿಸಿದ್ರೆ ಇಡೀದು ಕೆಳಗೆ ಜಾರ್ತಿತ್ತು.

ಎರಡನೇದಕ್ಕೆ ಪ್ಯಾಂಟ್ ಹೊಲಿಯೋ ಗಟ್ಟಿ ಕಾಟನ್ ಡ್ರಿಲ್ ಒಂದೂವರೆ ಮೀಟರ್ ತಂದೆ. 12 ಪೀಸು, ಒಂದೊಂದು ಕಡೆಗೆ ಆರು. ಪ್ರತಿ ಪೀಸ್ ಮೇಲೂ ಸೊಂಟದ ಗೆರೆ ಹಾಕಿ, ಆ ಗೆರೆ ಬಟ್ಟೆಯ ಅಡ್ಡ ನೂಲಿಗೆ (ಹೊಕ್ಕಿಗೆ) ನೇರ ಬರೋ ಹಾಗೆ ಇಟ್ಟು ಕತ್ತರಿಸ್ಬೇಕು, ಒಂದು ಪೀಸ್ ಕ್ರಾಸ್ ಆದ್ರೂ ಹಾಕ್ಕೊಂಡಾಗ ಆ ಕಡೆ ತಿರುಚ್ಕೊಳುತ್ತೆ. ನನ್ನ ಸೊಂಟ 29 ಇಂಚು, ಬೇಕಾಗಿದ್ದು 27, ಅದಕ್ಕೆ ಬಟ್ಟೆ 25 ಇಟ್ಟು ಹಿಂದೆ ಲೇಸಿಗೆ 2 ಇಂಚು ಗ್ಯಾಪ್ ಬಿಟ್ಟೆ.

ಇನ್ನು ಒಳಗಿನ ಟೇಪು, ಇದನ್ನ ದಯವಿಟ್ಟು ಬಿಡ್ಬೇಡಿ. ಒಂದಿಂಚು ಅಗಲದ, ಎಳೆದ್ರೆ ಹಿಗ್ಗದೇ ಇರೋ ಗ್ರೋಸ್‌ಗ್ರೇನ್ ರಿಬ್ಬನ್ ತಗೊಂಡು ಒಳಗಡೆ ಸೊಂಟದ ಗೆರೆ ಮೇಲೆ ಜೋಡಣೆ ಇರೋ ಕಡೆ ಮಾತ್ರ ಕೈಹೊಲಿಗೆ ಹಾಕಿ, ಹಿಂದೆ ಎರಡೂ ತುದಿ ಮೂರು ಮೂರು ಇಂಚು ಬಿಡಿಯಾಗಿಟ್ಟು ಹುಕ್ಕು ಹಾಕ್ದೆ. ಮೊದಲು ಆ ಹುಕ್ಕು ಹಾಕ್ಕೊಂಡು ಆಮೇಲೆ ಲೇಸ್ ಎಳೆದ್ರೆ ಭಾರ ಎಲ್ಲಾ ಟೇಪಿಗೆ ಹೋಗುತ್ತೆ, ಎದೆ ಹತ್ರ ಬಿಗಿ ಮಾಡೋ ಅವಶ್ಯಕತೇನೇ ಇರಲ್ಲ, ಉಸಿರಾಟಾನೂ ಆರಾಮ.

ಕಾರ್ಸೆಟ್ ನೆಟ್ಟಗೆ ನಿಲ್ಲೋಕೆ ಒಳಗೆ ಹಾಕೋ ಕಡ್ಡಿಗೆ ಬೋನ್ ಅಂತಾರಲ್ಲ, ಹಿಂದೆ ಯೂರೋಪಲ್ಲಿ ತಿಮಿಂಗಿಲದ ಬಾಯಲ್ಲಿರೋ ಬಲೀನ್ ಅನ್ನೋ ಪಟ್ಟಿ ಸೀಳಿ ಅದನ್ನೇ ಹಾಕ್ತಿದ್ರು, ಹೆಸರು ಹಾಗೇ ಉಳ್ಕೊಂಡಿದೆ. ನಾನು ಮೊದಲು ರೋಲಲ್ಲಿ ಬರೋ ಪ್ಲಾಸ್ಟಿಕ್ ಬೋನ್ ಹಾಕ್ದೆ, ಅದು ಸುರುಳಿ ಇದ್ದ ಕಡೆಗೇ ಬಾಗುತ್ತೆ, ಮೈ ಶಾಖಕ್ಕೆ ಸೊಂಟದ ಹತ್ರ ಮಡಚ್ಕೊಂಡೂ ಹೋಯ್ತು. ಕೊನೆಗೆ ಎಲೆಕ್ಟ್ರಿಕಲ್ ಅಂಗಡೀಲಿ ಸಿಗೋ ದಪ್ಪ ಕೇಬಲ್ ಟೈ, ಸುಮಾರು 9 ಎಂಎಂ ಅಗಲದ್ದು, ತಂದು ತಲೆ ಭಾಗ ಕತ್ತರಿಸಿ ಬಳಸ್ದೆ. ತುದೀನ ಕತ್ತರೀಲಿ ದುಂಡಗೆ ಮಾಡಿ ಮೇಣದಬತ್ತಿ ಉರಿ ಹತ್ರ ಒಂದೇ ಕ್ಷಣ ತೋರಿಸಿ, ಬಿಸಿ ಇರುವಾಗ್ಲೇ ಸ್ಟೀಲ್ ಚಮಚದ ಹಿಂಭಾಗಕ್ಕೆ ಒತ್ತಿದ್ರೆ ನುಣ್ಣಗಾಗುತ್ತೆ, ಬೆರಳಾಡಿಸಿ ನೋಡಿ, ಚೂರು ಗೀರಿದ್ರೂ ಅದು ಆಮೇಲೆ ಬಟ್ಟೆ ಕೊರೆಯುತ್ತೆ. ಬೋನ್ ಉದ್ದ ಹೊಲಿಗೆಗಿಂತ ಎರಡೂ ಕಡೆ ಕಾಲಿಂಚು ಕಮ್ಮಿ ಇರ್ಲಿ.

ಮೇಲಿನ ಬಟ್ಟೆಗೆ ಬೆಂಗಳೂರಿನ ಚಿಕ್ಕಪೇಟೆಯಿಂದ ದಪ್ಪ ಸ್ಯಾಟಿನ್ ತಂದೆ, ಲೇಸ್ ಬಟ್ಟೆ ಅಲ್ಲೇ ಪಕ್ಕದ ಮಾಮೂಲ್‌ಪೇಟೇಲಿ ಸಿಕ್ತು. ಸ್ಯಾಟಿನ್ ಪೀಸ್‌ಗಳನ್ನ ಡ್ರಿಲ್‌ಗಿಂತ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ದೊಡ್ಡದಾಗೇ ಕತ್ತರಿಸಿ, ಅದು ಮೇಲಿಂದ ಸುತ್ತಿ ಬರ್ಬೇಕಲ್ಲ, ಸಮ ಇದ್ರೆ ಒಳಗಿನ ಬೋನ್ ಗೆರೆ ಎದ್ದು ಕಾಣುತ್ತೆ. ಗುಂಡುಪಿನ್ನು ಹೊಲಿಗೆ ಮಾರ್ಜಿನ್ ಒಳಗಷ್ಟೇ ಚುಚ್ಚಿ, ಬೇರೆ ಕಡೆ ಚುಚ್ಚಿದ್ರೆ ತೂತು ಉಳಿಯುತ್ತೆ. ಇಸ್ತ್ರಿ ಮಾಡುವಾಗ ನೀರು ಚಿಮುಕಿಸ್ಬೇಡಿ. ಡ್ರಿಲ್‌ಗೆ 16 ನಂಬರ್ ಸೂಜಿ, ಸ್ಯಾಟಿನ್‌ಗೆ 11. ಹಿಂದೆ ಲೇಸ್ ದಾರ ತೂರಿಸೋಕೆ ಸುತ್ತಿಗೇಲಿ ಹೊಡೆಯೋ ಐಲೆಟ್ ರಿಂಗ್ ಹಾಕೋಕೆ ನಂಗೆ ಧೈರ್ಯ ಬರ್ಲಿಲ್ಲ, ಪೈಪಿಂಗ್ ಥರ ಕ್ರಾಸ್ ಬಟ್ಟೇಲಿ ಲೂಪ್ ಮಾಡಿ ಎರಡು ಪದರದ ಮಧ್ಯೆ ಕೂರಿಸಿ ಮೂರು ಸಲ ಹೊಲಿಗೆ ಹೊಡೆದೆ, ಪಕ್ಕದಲ್ಲೇ ಒಂದು ಬೋನ್. ಸ್ಕರ್ಟು ಬೇರೇನೇ, ಉಬ್ಬಿ ನಿಲ್ಲೋಕೆ ಒಳಗೆ ಗಟ್ಟಿ ಕ್ಯಾನ್‌ಕ್ಯಾನ್ ನೆಟ್ ಹಾಕಿ ಬೆಲ್ಟ್ ಕೊಟ್ಟು ಎರಡು ದಿನದಲ್ಲಿ ಮುಗೀತು. ಭುಜ ಮುಚ್ಚಿರ್ಬೇಕು ಅಂತ ನಮ್ಮ ಚರ್ಚಿನ ಅಯ್ಯನವರು (ಪಾದ್ರಿ) ಮೊದಲೇ ಹೇಳಿದ್ರಿಂದ ಮೇಲೆ ಲೇಸ್ ಬಟ್ಟೇದು ಒಂದು ಗಿಡ್ಡ ಕೋಟು.

ಫೈನಲ್ ಹೊಲಿಗೆಗೆ ಮುಂಚೆ ಹಾಕ್ಕೊಂಡು ಬರೀ ಕನ್ನಡಿ ಮುಂದೆ ನಿಲ್ಬೇಡಿ, ಕೂತು ನೋಡಿ, ಮೊಣಕಾಲೂರಿ ನೋಡಿ. ಆಶೀರ್ವಾದದ ಪ್ರಾರ್ಥನೆಗೆ ಮೊಣಕಾಲೂರ್ಬೇಕಲ್ಲ, ಮನೇಲಿ ಟ್ರೈ ಮಾಡಿದಾಗ ಮುಂದಿನ ಚೂಪು ತುದಿ ತೊಡೆಗೆ ಒತ್ತಿ ಕಾರ್ಸೆಟ್ ಮೇಲಕ್ಕೆ ತಳ್ತಿತ್ತು, ಅದನ್ನ ಮುಕ್ಕಾಲಿಂಚು ಗಿಡ್ಡ ಮಾಡ್ದೆ. ಮದುವೆ ಓಡಾಟದಲ್ಲಿ ಸೊಂಟ ಒಂದಿಂಚಿಗಿಂತ ಜಾಸ್ತೀನೇ ಇಳಿದುಬಿಟ್ಟಿತ್ತು, ಜಿಪ್ ಹಾಕಿದ್ರೆ ಎಲ್ಲಾ ಬಿಚ್ಚಿ ಹೊಲೀಬೇಕಿತ್ತು. ಲೇಸ್ ಇದ್ದಿದ್ರಿಂದ ಗ್ಯಾಪ್ ಕಮ್ಮಿ ಆಯ್ತು, ಟೇಪಿನ ಹುಕ್ಕು ಒಳಕ್ಕೆ ಸರಿಸ್ದೆ, ಮುಗೀತು.

ಲೇಸ್ ಎಳೆಯೋದನ್ನ ದೊಡ್ಡಮ್ಮಂಗೆ ಒಂದು ವಾರ ಮುಂಚೆನೇ ಕಲಿಸಿದ್ದೆ, ಮೇಲಿಂದ ಸೊಂಟಕ್ಕೆ, ಕೆಳಗಿಂದ ಸೊಂಟಕ್ಕೆ, ಸ್ವಲ್ಪ ಸ್ವಲ್ಪವೇ, ಒಂದೇ ಸಲ ಜಗ್ಗೋ ಹಾಗಿಲ್ಲ. ಅವ್ರು 20 ನಿಮಿಷ ತಗೊಂಡು ಅಷ್ಟು ಜೋಪಾನವಾಗಿ ಕಟ್ಟಿದ್ರು. ಮೇ ಸೆಖೇಲಿ ಬೆಳಗ್ಗೆ ಹತ್ತರಿಂದ ಸಂಜೆ ರಿಸೆಪ್ಷನ್ ಮುಗಿಯೋವರ್ಗೂ ಒಂದು ಸಲಾನೂ ಮೇಲಕ್ಕೆ ಎಳ್ಕೊಳ್ಳಿಲ್ಲ. ರಾತ್ರಿ ಬಿಚ್ಚಿದಾಗ ಮೈ ಮೇಲೆ ಬೋನ್ ಚುಚ್ಚಿದ ಗುರುತು ಒಂದೂ ಇರ್ಲಿಲ್ಲ, ಸೊಂಟದ ಸುತ್ತ ಟೇಪಿನ ಗೆರೆ ಮಾತ್ರ ಸಣ್ಣಗೆ ಮೂಡಿತ್ತು.